ಕೂಸಿನ ಜ್ವರ: ಆಸ್ಪತ್ರೆಗೆ ಯಾವಾಗ?

ಮಗುವಿನ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ವೈದ್ಯರ ಲೆಕ್ಕದಲ್ಲಿ ಅದು ಜ್ವರ. ಕಂಕುಳಲ್ಲಿ ಅಳೆದಾಗ ಸ್ವಲ್ಪ ಕಡಿಮೆ ತೋರುವುದರಿಂದ ಅಲ್ಲಿ 99.5 ಬಂದರೂ ಜ್ವರವೆಂದೇ ಹಿಡಿಯಬೇಕು. ಹಣೆ ಮುಟ್ಟಿ ಹೇಳುವ ಲೆಕ್ಕ ನಂಬುವಂಥದ್ದಲ್ಲ. ಈಗಷ್ಟೇ ಪಾತ್ರೆ ತೊಳೆದು ಬಂದ ಕೈಗೆ ಯಾವ ಹಣೆಯೂ ಸುಡುತ್ತದೆ. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಬಾಣಂತಿ, ಹಸುಗೂಸುಗಳನ್ನು ನೋಡಲು ಬರುವ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇರುತ್ತದೆ.

ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೇರೆ ಲಕ್ಷಣಕ್ಕೆ ಕಾಯುವಂತಿಲ್ಲ, ಅದೇ ದಿನ ವೈದ್ಯರಿಗೆ ತೋರಿಸಬೇಕು. ಆ ವಯಸ್ಸಿನಲ್ಲಿ ಸೋಂಕು ರಕ್ತಕ್ಕೂ ಮಿದುಳಿಗೂ ಬೇಗ ಹಬ್ಬುತ್ತದೆ. ಹಸುಗೂಸು ಮೊಲೆ ಬಿಟ್ಟು ಮೈ ತಣ್ಣಗಾದರೂ ಅಷ್ಟೇ ಅಪಾಯ.

ದೊಡ್ಡ ಮಕ್ಕಳಲ್ಲಿ ಅಂಕಿಗಿಂತ ಮಗುವಿನ ನಡವಳಿಕೆಯೇ ಹೆಚ್ಚು ಹೇಳುತ್ತದೆ. 103 ಇದ್ದರೂ ಔಷಧ ಹಾಕಿದ ಮೇಲೆ ಎದ್ದು ಆಡುವ, ನೀರು ಕುಡಿಯುವ ಮಗುವಿಗಿಂತ, 101ರಲ್ಲೇ ಕಣ್ಣು ಬಿಡದೆ ಬಿದ್ದಿರುವ ಮಗುವಿನ ಬಗ್ಗೆ ಆತಂಕ ಹೆಚ್ಚಿರಬೇಕು. ಕುಡಿದದ್ದೆಲ್ಲ ವಾಂತಿಯಾದರೆ, ಆರೆಂಟು ತಾಸು ಉಚ್ಚೆ ಆಗದಿದ್ದರೆ, ಕುತ್ತಿಗೆ ಬಿಗಿದರೆ, ಒತ್ತಿದರೂ ಮಾಸದ ಚುಕ್ಕೆಗಳೆದ್ದರೆ ತಡಮಾಡಬಾರದು. ಉಸಿರನ್ನು ಅಳು ನಿಂತ ಮೇಲೆ, ಅಂಗಿ ಸರಿಸಿ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40 ಮುಟ್ಟಿದರೆ ನ್ಯುಮೋನಿಯಾ ಶಂಕೆ. ಪಕ್ಕೆ ಒಳಗೆ ಸೆಳೆದರೆ ಎಣಿಕೆಯೂ ಬೇಡ.

ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದಂಥ ಊರುಗಳಲ್ಲಿ ಮಳೆಗಾಲದ ಜ್ವರಕ್ಕೆ ಡೆಂಗಿಯ ಅನುಮಾನ ಇದ್ದೇ ಇರಬೇಕು. ಅದರ ಸೊಳ್ಳೆ ಹುಟ್ಟುವುದು ಹೊಳೆಯಲ್ಲಲ್ಲ, ಮನೆ ಮುಂದಿನ ಡ್ರಮ್ಮು, ತೊಟ್ಟಿಯ ನಿಂತ ನೀರಿನಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಇದರಲ್ಲಿ ಜ್ವರ ಇಳಿಯುವ ಹೊತ್ತೇ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಗಂಡಾಂತರದ ಹೊತ್ತು. ಮೈ ತಣ್ಣಗಾಯಿತೆಂದು ಮನೆಯವರು ನಿಟ್ಟುಸಿರು ಬಿಡುವಾಗಲೇ ರಕ್ತನಾಳಗಳಿಂದ ದ್ರವ ಸೋರುತ್ತಿರಬಹುದು. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣನೆಯ ಕೈಕಾಲು ಕಂಡರೆ ರಾಣೆಬೆನ್ನೂರು, ಬ್ಯಾಡಗಿಯ ತಾಲ್ಲೂಕು ಆಸ್ಪತ್ರೆಯೋ ಹಾವೇರಿಯ ಜಿಲ್ಲಾ ಆಸ್ಪತ್ರೆಯೋ, ಯಾವುದು ಹತ್ತಿರವೋ ಅಲ್ಲಿಗೆ ಹೊರಡಬೇಕು. ಬೇರೆ ಯಾವ ತೊಂದರೆ ಕಾಣದಿದ್ದರೂ ಮೂರು ದಿನ ದಾಟಿದ ಜ್ವರಕ್ಕೆ ರಕ್ತಪರೀಕ್ಷೆ ಬೇಕೋ ಎಂದು ವೈದ್ಯರನ್ನು ಕೇಳುವುದು ಸರಿ.

ಆರು ತಿಂಗಳಿಂದ ಐದು ವರ್ಷದ ಕೆಲವು ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುತ್ತದೆ. ಮಗುವನ್ನು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಬೇಕು. ಕಬ್ಬಿಣದ ಕೀಲಿಕೈ ಹಿಡಿಸುವುದು, ಬಾಯಿಗೆ ಚಮಚ ತುರುಕುವುದು ಬೇಡವೇ ಬೇಡ. ಐದು ನಿಮಿಷಕ್ಕೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಬೇಗ ನಿಂತರೂ, ಮೊದಲ ಸಲವಾದರೆ ಅದೇ ದಿನ ತೋರಿಸಬೇಕು.

ಪ್ಯಾರಾಸಿಟಮಾಲ್ ಪ್ರಮಾಣಕ್ಕೆ ತೂಕವೇ ಆಧಾರ: ಕಿಲೋಗೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಸಲ್ಲದು. ಹಸುಗೂಸಿನ ಡ್ರಾಪ್ಸ್‌ನಲ್ಲಿ ಒಂದು ಮಿಲಿಲೀಟರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂ ಇದ್ದರೆ, ಸಾದಾ ಸಿರಪ್‌ನಲ್ಲಿ ಸುಮಾರು 25. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಹೋದಂತೆ. ಡೆಂಗಿ ಶಂಕೆಯಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ಆಸ್ಪತ್ರೆಗೆ ಹೋಗುವಾಗ ಕುಡಿಸಿದ ಔಷಧದ ಬಾಟಲಿಯನ್ನೂ ಒಯ್ದರೆ ವೈದ್ಯರಿಗೆ ಊಹಿಸುವ ಕಷ್ಟವಿರುವುದಿಲ್ಲ.