ಬೆಳಗಿನ ಬೆರಳು ಬಿಗಿತ

ಬೆಳಗ್ಗೆ ಎದ್ದಾಗ ಎರಡೂ ಕೈಗಳ ಬೆರಳ ಗಂಟುಗಳು ಬಾತು, ಗಂಟೆ ಕಳೆದರೂ ಬಿಗಿತ ಸಡಿಲದಿದ್ದರೆ ಚಳಿಯ ನೋವೆಂದು ಎಣ್ಣೆ ತಿಕ್ಕಿ ಸುಮ್ಮನಿರಬಾರದು. ಅದು ಸಂಧಿವಾತವಿರಬಹುದು. ದೇಹವನ್ನು ಕಾಯುವ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ರೋಗವಿದು. ಸೊಲ್ಲಾಪುರದ ಹಾದಿಯಲ್ಲಿ ನಾವು ದಾಟುವ ಭಿಗವಣದಲ್ಲಿ 1996ರಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡವು ಮನೆಮನೆ ವಿಚಾರಿಸಿದಾಗ, ವಯಸ್ಕರಲ್ಲಿ ಸುಮಾರು 200ಕ್ಕೆ ಒಬ್ಬರಿಗೆ ಇದು ಕಂಡುಬಂದಿತು.

ನೋವಿನ ಗುಳಿಗೆ ನೋವನ್ನಷ್ಟೇ ಅಡಗಿಸುತ್ತದೆ. ಕೀಲು ಒಳಗೊಳಗೇ ಕೆಡುತ್ತದೆ. ದುಡಿದು ಉಣ್ಣುವ ನಮಗೆ ಕೈಯೇ ಬಂಡವಾಳ. ಆದುದರಿಂದ ತಡಮಾಡದೆ ಸಂಧಿವಾತ ತಜ್ಞರನ್ನೇ ಕಾಣೋಣ, ಇ.ಎಸ್.ಐ. ಸೌಲಭ್ಯವುಳ್ಳವರು ತಮ್ಮ ದವಾಖಾನೆಯ ವೈದ್ಯರಿಂದ ಚೀಟಿ ಬರೆಸಿಕೊಳ್ಳಬೇಕು. ಮೆಥೊಟ್ರೆಕ್ಸೇಟ್ ಗುಳಿಗೆ ಕೊಟ್ಟರೆ ಅದು ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿದರೆ ಪ್ರಾಣಾಪಾಯ. ಆಗಾಗಿನ ರಕ್ತಪರೀಕ್ಷೆ ತಪ್ಪಿಸಬಾರದು. ನೋವಿಳಿಯಿತೆಂದು ಔಷಧ ಬಿಡಲೂಬಾರದು.