ಪಾವಗಡದವರು ಕನ್ನಡಿಗರೇ, ತೆಲುಗರೇ?

ಪ್ರಶ್ನೆ: ಮನೆಯಲ್ಲಿ ತೆಲುಗು ಮಾತಾಡುವ ಪಾವಗಡದವರನ್ನು ಕನ್ನಡಿಗರೆನ್ನಬಹುದೇ?

ಖಂಡಿತ. ಕನ್ನಡಿಗನೆಂದರೆ ಮನೆಮಾತು ಕನ್ನಡ, ಊರು ಹಸಿರು ಎಂಬ ಸಿದ್ಧಚಿತ್ರ ಇಲ್ಲಿ ಹೊಂದುವುದಿಲ್ಲ, ಅಷ್ಟೇ. ತುಮಕೂರು ಜಿಲ್ಲೆಯ ಈ ತಾಲ್ಲೂಕನ್ನು ಬಹುಪಾಲು ಆಂಧ್ರವೇ ಸುತ್ತುವರಿದಿದೆ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಜತೆ ತೆಲುಗು. ಶಾಲೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕನ್ನಡ. ಸಂತೆಯಲ್ಲಿ ಎರಡೂ ಬೆರೆಯುತ್ತವೆ, ಯಾರೂ ತಡವರಿಸುವುದಿಲ್ಲ.

ಈ ಬೆರಕೆ ನಿನ್ನೆ ಮೊನ್ನೆಯದಲ್ಲ. ಇದೇ ತಾಲ್ಲೂಕಿನ ನಿಡುಗಲ್ ಬೆಟ್ಟದಿಂದ ಆಳಿದ ಅರಸರು ತಮ್ಮನ್ನು ಚೋಳ ವಂಶದವರೆಂದು ಕರೆದುಕೊಂಡರು. ಆದರೆ ಶಾಸನ ಬರೆಸಿದ್ದು ಕನ್ನಡದಲ್ಲಿ.

ಇನ್ನು ಹಸಿರಿನ ಮಾತು. ಇಲ್ಲಿ ಮಳೆಯೇ ಕಡಿಮೆ. ಮುಗಿಲು ನೋಡಿ ಕಡಲೆಕಾಯಿ ಬಿತ್ತುತ್ತಿದ್ದ ತಿರುಮಣಿ ಗ್ರಾಮದ ಸುತ್ತಲಿನ ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟರು. ಸುಮಾರು 13,000 ಎಕರೆಯ ಆ ನೆಲದಲ್ಲೀಗ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ.