ತುಡುವೆ ಕೇಳುವ ಎಂಟು ಮಿಲಿಮೀಟರು

ಪುಂಜಾಲಕಟ್ಟೆಯಿಂದ ಬೆಳ್ತಂಗಡಿಯ ಕಡೆಗೆ ಹೊರಟರೂ ಬಂಟ್ವಾಳದ ಕಡೆಗೆ ಇಳಿದರೂ ರಸ್ತೆಯ ಇಕ್ಕೆಲದಲ್ಲಿ ಅಡಿಕೆ, ತೆಂಗು, ರಬ್ಬರು, ನಡುನಡುವೆ ಗೇರುಗುಡ್ಡೆ. ಈ ತೋಟಗಳ ಅಂಚಿನ ಹುತ್ತದಲ್ಲಿ, ಮರದ ಪೊಟರೆಯಲ್ಲಿ, ಕೆಲವೊಮ್ಮೆ ಹಳೆಯ ಮುರಕಲ್ಲಿನ ಗೋಡೆಯ ಬಿರುಕಿನಲ್ಲಿ ತುಡುವೆ ಜೇನು ತಾನಾಗಿ ಬಂದು ಸಂಸಾರ ಹೂಡಿರುತ್ತದೆ. ಜೇನು ಸಾಕಬೇಕೆಂದು ಆಸೆಪಡುವವರು ನೊಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪೆಟ್ಟಿಗೆಯನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು. ಮನೆ ಕಟ್ಟಿದಾಗ ಉಳಿದ ಹಲಗೆ, ಗರಗಸ, ಮೊಳೆ, ಒಂದು ಸ್ಕೇಲು ಇದ್ದರೆ ಸಾಕು. ಈ ನಾಲ್ಕರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸ್ಕೇಲು.

ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟಿ ಬದುಕುವ ಜಾತಿಗಳು. ಅವನ್ನು ಪೆಟ್ಟಿಗೆಗೆ ಒಗ್ಗಿಸಲಾಗದು. ತುಡುವೆ ಹಾಗಲ್ಲ. ಅದಕ್ಕೆ ಕತ್ತಲೆ ಬೇಕು, ಒಂದರ ಪಕ್ಕ ಒಂದರಂತೆ ಸಾಲಾಗಿ ಇಳಿಬಿಟ್ಟ ಎರಿಗಳು ಬೇಕು, ಎರಡು ಎರಿಗಳ ನಡುವೆ ನೊಣ ಓಡಾಡುವಷ್ಟು ದಾರಿ ಬೇಕು. ಆ ದಾರಿಯ ಅಗಲವನ್ನು ಅದು ಪೊಟರೆಯಲ್ಲೂ ತಪ್ಪುವುದಿಲ್ಲ: 7ರಿಂದ 9 ಮಿಲಿಮೀಟರು. ಸಂದು ಅದಕ್ಕಿಂತ ಕಿರಿದಾದರೆ ಮೇಣ ಮೆತ್ತಿ ಮುಚ್ಚಿಬಿಡುತ್ತದೆ. ಹಿರಿದಾದರೆ ಆ ಖಾಲಿ ಜಾಗದಲ್ಲಿ ಅಡ್ಡಾದಿಡ್ಡಿ ಎರಿ ಕಟ್ಟುತ್ತದೆ. ಎರಡರಲ್ಲಿ ಯಾವುದಾದರೂ ಪೆಟ್ಟಿಗೆಯ ಚೌಕಟ್ಟುಗಳು ಒಂದಕ್ಕೊಂದು ಅಂಟಿಕೊಂಡು, ಎತ್ತಲು ಹೋದಾಗ ಎರಿ ಹರಿದು ಮರಿಗಳು ಸಾಯುತ್ತವೆ.

ಈ ಗುಟ್ಟನ್ನು ಪೆಟ್ಟಿಗೆಗೆ ಅಳವಡಿಸಿದವರು ಅಮೆರಿಕದ ಲ್ಯಾಂಗ್‌ಸ್ಟ್ರಾತ್, 1851ರಲ್ಲಿ. ಆದರೆ ಅವರದು ಯುರೋಪಿನ ದೊಡ್ಡ ನೊಣಕ್ಕೆ ಹೊಂದುವ ಅಳತೆ. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1910ರ ಆಸುಪಾಸಿನಲ್ಲಿ, ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್ ಅವರು ತುಡುವೆಗೆಂದೇ ಪುಟ್ಟ ಪೆಟ್ಟಿಗೆ ರೂಪಿಸಿ ಹಳ್ಳಿಯವರಿಗೆ ಕಲಿಸಿದರು. ಅದಕ್ಕೂ ಮೊದಲು ಮಡಕೆಯಲ್ಲೋ ಟೊಳ್ಳು ಮರದ ತುಂಡಿನಲ್ಲೋ ಜೇನು ಕೂರಿಸುತ್ತಿದ್ದರು. ತುಪ್ಪ ಬೇಕಾದಾಗ ಮೊಟ್ಟೆಮರಿ ಸಮೇತ ಎರಿ ಹಿಂಡುವುದೊಂದೇ ದಾರಿ. ಚೌಕಟ್ಟು ಬಂದ ಮೇಲೆ ತುಪ್ಪ ತೆಗೆದು ಎರಿಯನ್ನು ನೊಣಕ್ಕೇ ಹಿಂತಿರುಗಿಸುವುದು ಸಾಧ್ಯವಾಯಿತು. ಜೇನು ಕೃಷಿಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ನ್ಯೂಟನ್ ಮಾದರಿಯ ಸಂಸಾರ ಕೋಣೆಯಲ್ಲಿ ಏಳು ಚೌಕಟ್ಟು. ಒಂದೊಂದರ ಒಳ ಅಳತೆ ಉದ್ದ ಸುಮಾರು 20 ಸೆಂಟಿಮೀಟರು, ಎತ್ತರ ಸುಮಾರು 14. ಮೇಲಿನ ಜೇನು ಕೋಣೆಯ ಚೌಕಟ್ಟು ಇದರ ಅರ್ಧಕ್ಕಿಂತಲೂ ಗಿಡ್ಡ. ಮೇಲುಪಟ್ಟಿಯ ಅಗಲ 22 ಮಿಲಿಮೀಟರು ಇಟ್ಟು, ಪಟ್ಟಿ ಪಟ್ಟಿಯ ನಡುವೆ 8 ಬಿಟ್ಟರೆ ತುಡುವೆಗೆ ಸರಿ. ಚೌಕಟ್ಟಿನ ಬದಿಗೂ ಗೋಡೆಗೂ ನಡುವೆ ಅಷ್ಟೇ ಸಂದು ಇರಬೇಕು. ಹೊಸಬರು ತಪ್ಪುವುದು ಇಲ್ಲಿಯೇ. ಮರ ಯಾವುದಾದರೂ ಆದೀತು, ಚೆನ್ನಾಗಿ ಒಣಗಿರಬೇಕು, ಘಾಟು ವಾಸನೆ ಇರಬಾರದು. ಹಸಿ ಹಲಗೆ ಒಣಗುತ್ತ ಕುಗ್ಗಿದರೆ ಬೆವರು ಸುರಿಸಿ ಇಟ್ಟ ಅಳತೆಯೆಲ್ಲ ಕೆಡುತ್ತದೆ. ಒಳಗಡೆ ಬಣ್ಣ, ವಾರ್ನಿಷ್ ಬೇಡ. ಬಾಗಿಲಿನ ಎತ್ತರ ಒಂದು ಸೆಂಟಿಮೀಟರು ಮೀರದಿದ್ದರೆ ಕಣಜ ನುಗ್ಗುವುದು ಕಷ್ಟ. ಕಾಲುಗಳನ್ನು ನೀರು ತುಂಬಿದ ಗೆರಟೆಯಲ್ಲಿ ನಿಲ್ಲಿಸಿ, ಇಲ್ಲವಾದರೆ ಇರುವೆಗಳು ಕುಟುಂಬವನ್ನೇ ಓಡಿಸುತ್ತವೆ.

ಪೊಟರೆಯ ಕುಟುಂಬವನ್ನು ಪೆಟ್ಟಿಗೆಗೆ ಇಳಿಸುವ ಕೆಲಸ ಸಂಜೆಯ ಹೊತ್ತಿಗೆ, ಅನುಭವಸ್ಥರೊಬ್ಬರ ಜೊತೆಯಲ್ಲಿ ಆಗಬೇಕು. ಹದವಾಗಿ ಹೊಗೆ ಕೊಟ್ಟು, ಎರಿಗಳನ್ನು ಒಂದೊಂದಾಗಿ ಕೊಯ್ದು, ಮರಿಯಿರುವ ಭಾಗವನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ ಬಾಳೆನಾರಿನಿಂದ ಕಟ್ಟುತ್ತಾರೆ. ಎರಿ ತಲೆಕೆಳಗಾಗಬಾರದು, ಮೇಲಿದ್ದ ಅಂಚು ಮೇಲೆಯೇ ಇರಬೇಕು. ರಾಣಿ ಪೆಟ್ಟಿಗೆಯೊಳಗೆ ಸೇರಿತೆಂದರೆ ಉಳಿದ ನೊಣಗಳು ಬಾಗಿಲ ಬಳಿ ಹೊಟ್ಟೆಯ ತುದಿ ಎತ್ತಿ, ರೆಕ್ಕೆ ಬೀಸಿ, ತಮ್ಮವರಿಗೆ ವಾಸನೆಯ ಸುದ್ದಿ ಕಳಿಸುತ್ತವೆ. ಹೊರಗೆ ಚದುರಿದ್ದ ನೊಣಗಳು ಸಾಲುಗಟ್ಟಿ ಒಳಗೆ ನಡೆಯುತ್ತವೆ. ಮುಂದಿನ ಕೆಲವು ದಿನಗಳಲ್ಲಿ ಅವು ಎರಿಯನ್ನು ಮೇಣದಿಂದ ಪಟ್ಟಿಗೆ ಬೆಸೆದು, ಇನ್ನು ಬೇಡವಾದ ಬಾಳೆನಾರನ್ನು ಕಚ್ಚಿ ಕಚ್ಚಿ ಎಳೆದು ಬಾಗಿಲಾಚೆ ಎಸೆಯುತ್ತವೆ. ಪೆಟ್ಟಿಗೆಯ ಮುಂದೆ ನಾರಿನ ಚೂರು ಬಿದ್ದಿದ್ದರೆ ಕುಟುಂಬ ಮನೆಯನ್ನು ಒಪ್ಪಿಕೊಂಡಿದೆ ಎಂದು ತಿಳಿಯಬಹುದು. ಹೂವಿಲ್ಲದಿದ್ದರೆ, ಇರುವೆ ಕಾಡಿದರೆ, ದಿನಕ್ಕೆರಡು ಬಾರಿ ಮುಚ್ಚಳ ತೆರೆದು ನೋಡುತ್ತಿದ್ದರೆ ತುಡುವೆ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಅದರ ಸ್ವಭಾವವೇ ಅದು. ತಾಳ್ಮೆಯಿಲ್ಲದವರಿಗೆ ಈ ಕೃಷಿ ದಕ್ಕುವುದಿಲ್ಲ.

ನಮ್ಮ ಹಿರಿಯರಲ್ಲಿ ಅನೇಕರು ಇದನ್ನು ಕೈಬಿಟ್ಟದ್ದಕ್ಕೆ ಕಾರಣ ಮಾತ್ರ ಬೇರೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹರಡಿ, ಸಾಕಿದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಕೊಡಗು, ದಕ್ಷಿಣ ಕನ್ನಡ, ಕೇರಳದ ಅಂಗಳಗಳಲ್ಲಿ ಖಾಲಿ ಪೆಟ್ಟಿಗೆಗಳು ಉಳಿದವು. ರೋಗ ತಗುಲಿದ ಮರಿ ಕೋಶ ಹಾಕುವ ಮೊದಲೇ ಸಾಯುತ್ತದೆ. ಕಡ್ಡಿಯಿಂದ ಮೆಲ್ಲನೆ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲದಂತೆ ಇಡಿಯಾಗಿ ಮೇಲೆ ಬರುತ್ತದೆ. ಪೆಟ್ಟಿಗೆಯಿಟ್ಟ ಪ್ರತಿಯೊಬ್ಬರೂ ಈ ಲಕ್ಷಣವನ್ನು ಕಣ್ಣಾರೆ ಗುರುತಿಸಲು ಕಲಿಯಬೇಕು, ಏಕೆಂದರೆ ಇದಕ್ಕೆ ಔಷಧಿಯಿಲ್ಲ. ರಾಣಿಯನ್ನು ಕೆಲಕಾಲ ಬೇರ್ಪಡಿಸಿ ಮೊಟ್ಟೆಯಿಡುವುದನ್ನು ನಿಲ್ಲಿಸಿದರೆ ವೈರಸ್ಸಿಗೆ ಹೊಸ ಮರಿ ಸಿಗದೆ ರೋಗದ ಸರಪಳಿ ತುಂಡಾಗುತ್ತದೆ. ಅಂದಿನ ಹೊಡೆತಕ್ಕೆ ಸಿಕ್ಕೂ ಉಳಿದ ಕುಟುಂಬಗಳಿಂದಲೇ ತುಡುವೆ ಮತ್ತೆ ಚೇತರಿಸಿಕೊಂಡಿತು. ಹಾಗಾಗಿ ಪಾಲು ಮಾಡುವಾಗ ರೋಗಕ್ಕೆ ಜಗ್ಗದ ಕುಟುಂಬವನ್ನೇ ಆರಿಸಿ. ತುಪ್ಪ ಹೆಚ್ಚು ಕೊಟ್ಟಿತೆಂಬ ಒಂದೇ ಕಾರಣಕ್ಕೆ ದುರ್ಬಲ ವಂಶವನ್ನು ಬೆಳೆಸಬೇಡಿ.

ತುಪ್ಪದ ಕಾಲ ಬೇಸಗೆ. ಎಲೆ ಉದುರಿಸಿದ ರಬ್ಬರು ಚಿಗುರುವಾಗ, ಮೂರು ಎಲೆಗಳು ಕೂಡುವ ತೊಟ್ಟಿನ ತುದಿಯಲ್ಲಿ ಹೂವೇ ಇಲ್ಲದೆ ಮಕರಂದ ಒಸರುತ್ತದೆ. ಮಕರಂದ ಧಾರಾಳ, ಆದರೆ ಅಲ್ಲಿ ಪರಾಗವಿಲ್ಲ. ಪರಾಗವಿಲ್ಲದೆ ಮರಿಗಳು ಬೆಳೆಯುವುದಿಲ್ಲ. ಆ ಕೊರತೆಯನ್ನು ನಮ್ಮ ತೆಂಗು, ಅಡಿಕೆ ತುಂಬುತ್ತವೆ. ಬರೀ ರಬ್ಬರಿನ ಎಸ್ಟೇಟಿಗಿಂತ ಹತ್ತಾರು ಮರಗಿಡ ಬೆರೆತ ಸಣ್ಣ ತೋಟ ಜೇನಿಗೆ ಹಿತ. ಗೇರು ಹೂಬಿಟ್ಟಾಗ ಕೀಟನಾಶಕ ಹೊಡೆಯಲೇಬೇಕಾದರೆ ನೊಣಗಳು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ, ನೆರೆಮನೆಯವರಿಗೂ ಹೇಳಿ.

ಎರಿಯ ಕಣಗಳಿಗೆ ನೊಣ ಮೇಣದ ಮುಚ್ಚಳ ಹಾಕಿದ ಮೇಲೆಯೇ ತುಪ್ಪ ಪಕ್ವ. ಅವಸರಕ್ಕೆ ತೆಗೆದರೆ ನೀರಿನಂಶ ಹೆಚ್ಚಿ ಹುಳಿಯುತ್ತದೆ. ಚೆನ್ನಾಗಿ ನೋಡಿಕೊಂಡ ಪೆಟ್ಟಿಗೆ ವರ್ಷಕ್ಕೆ ಐದಾರು ಕಿಲೋ ಕೊಟ್ಟರೆ ತೃಪ್ತಿಪಡಬೇಕು. ಮಾರುವಷ್ಟಾದರೆ ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ಸಹಕಾರ ಸಂಘವಿದೆ. ಪೆಟ್ಟಿಗೆ, ತರಬೇತಿಗಳಿಗೆ ತೋಟಗಾರಿಕೆ ಇಲಾಖೆಯನ್ನು ವಿಚಾರಿಸಬಹುದು. ಮೇ ಮುಗಿಯುವ ಹೊತ್ತಿಗೆ ಸಂಸಾರ ಕೋಣೆಯ ತುಪ್ಪವನ್ನು ಮುಟ್ಟಬೇಡಿ. ಜೂನ್‌ನಿಂದ ಜಡಿಮಳೆ ಹಿಡಿದು ನೊಣ ಹೊರಗೆ ಹೋಗಲಾರದಾಗ ಅದೇ ಅವುಗಳ ಊಟ. ಸಾಲದಿದ್ದರೆ ಸಕ್ಕರೆಯನ್ನು ಸಮಪ್ರಮಾಣದ ನೀರಿನಲ್ಲಿ ಕರಗಿಸಿ, ಮುಳುಗದಂತೆ ಕಡ್ಡಿ ಹಾಕಿದ ಗೆರಟೆಯಲ್ಲಿ, ಬೇರೆ ಕುಟುಂಬದವು ದೋಚದ ಹಾಗೆ ಕತ್ತಲಾದ ಮೇಲೆ ಪೆಟ್ಟಿಗೆಯ ಒಳಗಿಡಿ. ಮಳೆ ಸ್ವಲ್ಪ ಹೊಳವಾಗಿ ಗುಡ್ಡೆಯಲ್ಲಿ ನಾಚಿಕೆಮುಳ್ಳು ಹೂಬಿಟ್ಟು, ನೊಣಗಳು ಕಾಲಿಗೆ ಪರಾಗ ಮೆತ್ತಿಕೊಂಡು ಬರತೊಡಗುವವರೆಗೆ ಈ ಊಟ ಮುಂದುವರಿಯಬೇಕು.